ಹಳೆಯ ಡೀಸೆಲ್ ಕಾರಿನ ಇಂಧನಮಾರ್ಗ: ದೋಷವನ್ನು ಹುಡುಕುವ ಬಗೆ

ರಾಯಚೂರಿನಿಂದ ಹೈದರಾಬಾದಿನ ಕಡೆಗೆ ಸುಮಾರು 20 ಕಿಲೋಮೀಟರು ಸಾಗಿದರೆ ಕೃಷ್ಣಾನದಿಯ ದಂಡೆಯಲ್ಲಿ ಶಕ್ತಿನಗರ ಎದುರಾಗುತ್ತದೆ. ಇಲ್ಲಿಯ ಉಷ್ಣವಿದ್ಯುತ್ ಸ್ಥಾವರದ ಮೊದಲನೆಯ ಘಟಕ 1985ರಲ್ಲಿ ಕಾರ್ಯಾರಂಭ ಮಾಡಿತು. ಸ್ಥಾವರದ ಎತ್ತರವಾದ ಚಿಮಣಿಗಳನ್ನು ದಾರಿಹೋಕರೆಲ್ಲರೂ ಕಾಣುತ್ತಾರೆ. ಆದರೆ ಒಳಗಿನ ಕುಲುಮೆಗೆ ಇಂಧನ ಯಾವ ರೀತಿ ಸೇರುತ್ತದೆಂಬುದನ್ನು ವಿಚಾರಿಸುವವರು ವಿರಳ. ಕಲ್ಲಿದ್ದಲನ್ನು ಹೆಂಟೆಹೆಂಟೆಯಾಗಿ ಸುರಿದರೆ ಅದು ಬೇಕಾದ ವೇಗದಲ್ಲಿ ಉರಿಯದು. ಆದುದರಿಂದ ಅದನ್ನು ಗಿರಣಿಯಲ್ಲಿ ಹಿಟ್ಟಿನಂತೆ ಅರೆದು, ಗಾಳಿಯ ಪ್ರವಾಹದೊಡನೆ ಕುಲುಮೆಗೆ ಊದುತ್ತಾರೆ. ತಣ್ಣಗಿರುವ ಕುಲುಮೆಯನ್ನು ಮೊದಲು ಹೊತ್ತಿಸುವುದಕ್ಕೆ ಎಣ್ಣೆಯನ್ನು ತುಂತುರಾಗಿ ಸಿಂಪಡಿಸಬೇಕಾಗುತ್ತದೆ. ಇದರಿಂದ ತಿಳಿಯುವುದೇನು? ಇಂಧನವು ಉಪಯೋಗಕ್ಕೆ ಬರಬೇಕಾದರೆ ಅದು ಇದ್ದರಷ್ಟೇ ಸಾಲದು. ತಕ್ಕ ಪ್ರಮಾಣದಲ್ಲಿ, ತಕ್ಕ ಸಮಯದಲ್ಲಿ, ತಕ್ಕಷ್ಟು ಸೂಕ್ಷ್ಮವಾದ ರೂಪದಲ್ಲಿ ಉರಿಯುವ ಸ್ಥಳವನ್ನು ಸೇರಬೇಕು.

ಈ ಮೂರು ನಿಯಮಗಳು ಆ ಮಹಾಸ್ಥಾವರಕ್ಕೆ ಹೇಗೋ, ಅದರ ಮುಂದಿನ ರಸ್ತೆಯಲ್ಲಿ ಓಡುವ ಒಂದು ಹಳೆಯ ಡೀಸೆಲ್ ಕಾರಿಗೂ ಹಾಗೆಯೇ ಅನ್ವಯಿಸುತ್ತವೆ. ನಮ್ಮ ದೇಶದಲ್ಲಿ ಬಹುಕಾಲ ಬಾಡಿಗೆಯವರ ಮತ್ತು ಸರಕಾರಿ ಕಚೇರಿಗಳ ವಾಹನವಾಗಿದ್ದ ಅಂಬಾಸಡರ್ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಡೀಸೆಲ್ ಮಾದರಿಯಲ್ಲಿ ನಾಲ್ಕು ಸಿಲಿಂಡರುಗಳುಳ್ಳ, 1489 ಘನ ಸೆಂಟಿಮೀಟರಿನ ಎಂಜಿನು ಇತ್ತು. 2014ರಲ್ಲಿ ಈ ಕಾರಿನ ತಯಾರಿಕೆ ನಿಂತುಹೋಯಿತು. ಆದರೂ ಹಳೆಯ ಗಾಡಿಗಳನ್ನು ಜತನದಿಂದ ಉಳಿಸಿಕೊಂಡವರು ಇದ್ದಾರೆ. ಇಂಥ ಕಾರು ಹೊರಡಲೊಲ್ಲದೆ ನಿಂತಾಗ “ಪಂಪು ಹೋಗಿದೆ” ಎಂಬ ತೀರ್ಪು ಬಹುಬೇಗ ಹೊರಬೀಳುತ್ತದೆ. ಪಂಪಾದರೋ ಇಂಧನಮಾರ್ಗದ ಅತ್ಯಂತ ಬೆಲೆಯುಳ್ಳ ಭಾಗ. ಅದನ್ನು ಬಿಚ್ಚಿಸಿ, ದೂರದ ಊರಿಗೆ ಕಳಿಸಿ, ಸಾವಿರಾರು ರೂಪಾಯಿ ತೆತ್ತ ಮೇಲೆ, ದೋಷವಿದ್ದುದು ನಾಲ್ಕು ಕಾಸಿನ ವಾಷರಿನಲ್ಲಿ ಎಂದು ತಿಳಿದರೆ ಗಾಡಿಯನ್ನೇ ನಂಬಿದ ಕುಟುಂಬಕ್ಕೆ ಆಗುವ ನಷ್ಟ ಸಣ್ಣದಲ್ಲ. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವು ಈ ನಷ್ಟವನ್ನು ಹೇಗೆ ತಪ್ಪಿಸಬಲ್ಲದೆಂಬುದೇ ಈ ಪಾಠದ ವಿಷಯ.

ಒಂದು ಹನಿಯ ಲೆಕ್ಕ

ಪೆಟ್ರೋಲ್ ಎಂಜಿನಿನಲ್ಲಿ ಕಿಡಿಯೊಂದು ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಕ್ಕೆ ಬಂದ ಗಾಳಿಯನ್ನು ಕೊಂತವು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಅದುಮಿದಾಗ ಅದು ತಾನೇ ಕೆಂಡದಂತೆ ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲನ್ನು ತುಂತುರಾಗಿ ಚಿಮ್ಮಿದೊಡನೆ ಅದು ಹೊತ್ತಿಕೊಳ್ಳುತ್ತದೆ. ಅದುಮಿದ ಗಾಳಿಯ ಒತ್ತಡವನ್ನು ಮೀರಿ ಇಂಧನವನ್ನು ಒಳನುಗ್ಗಿಸುವುದೇ ಇಲ್ಲಿಯ ಕಷ್ಟ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನಿನಲ್ಲಿ ಈ ಕೆಲಸಕ್ಕೆ ಬೇರೊಂದು ಗಾಳಿಯಂತ್ರವೇ ಬೇಕಾಗಿತ್ತು. ಅಂಥ ಭಾರವನ್ನು ಕಾರಿನಲ್ಲಿ ಹೊರುವಂತಿರಲಿಲ್ಲ. 1927ರಲ್ಲಿ ಬಾಷ್ ಸಂಸ್ಥೆ ಚಿಕ್ಕದಾದ ಇಂಜೆಕ್ಷನ್ ಪಂಪನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ದಾರಿ ತೆರೆಯಿತು. 1936ರಲ್ಲಿ ಮರ್ಸಿಡಿಸ್ ಬೆಂಜ್ 260 ಡಿ ಎಂಬ ಡೀಸೆಲ್ ಕಾರು ಹೊರಬಂದಿತು. ನಮ್ಮ ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೊ ಕಾರ್ಖಾನೆಯು ಇಂಥ ಪಂಪು, ನಾಜಲ್‌ಗಳ ತಯಾರಿಕೆಗಾಗಿ ದೇಶದಲ್ಲೆಲ್ಲ ಹೆಸರಾಯಿತು. ಆ ಕಂಪನಿಗೆ 2008ರಿಂದ ಬಾಷ್ ಎಂದೇ ಹೆಸರು.

ಪಂಪಿನ ಕೆಲಸ ಎಷ್ಟು ನಾಜೂಕಾದುದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಕಾರು ಗಂಟೆಗೆ 60 ಕಿಲೋಮೀಟರು ಓಡುತ್ತಿದೆ, ಲೀಟರಿಗೆ 15 ಕಿಲೋಮೀಟರು ಕೊಡುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 4 ಲೀಟರು ಡೀಸೆಲ್ ಬೇಕಾಯಿತು. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ, ಎರಡು ಸುತ್ತಿಗೊಮ್ಮೆಯಂತೆ ಪ್ರತಿ ಸಿಲಿಂಡರಿಗೂ ನಿಮಿಷಕ್ಕೆ 1500 ಸಲ ಇಂಧನ ಸಿಗಬೇಕು. ನಾಲ್ಕು ಸಿಲಿಂಡರಿಗೆ 6000 ಸಲ. ಗಂಟೆಗೆ 3,60,000 ಸಲ. 4 ಲೀಟರನ್ನು ಇಷ್ಟು ಭಾಗ ಮಾಡಿದರೆ ಒಂದು ಸಲಕ್ಕೆ ಸಿಗುವುದು ಸುಮಾರು 11 ಘನ ಮಿಲಿಮೀಟರು. ಇದು ಒಂದು ಜೋಳದ ಕಾಳಿಗಿಂತಲೂ ಚಿಕ್ಕದಾದ ಹನಿ! ಈ ಹನಿಯನ್ನು ನೂರಕ್ಕಿಂತ ಹೆಚ್ಚು ವಾಯುಭಾರಗಳ ಒತ್ತಡದಲ್ಲಿ, ನಿಯತವಾದ ಕ್ಷಣದಲ್ಲಿ, ಹೊಗೆಯಂಥ ತುಂತುರಾಗಿ ಚಿಮ್ಮಬೇಕು. ಅಂದಮೇಲೆ ಮಾರ್ಗದಲ್ಲಿ ಅಲ್ಪವಾದ ದೋಷವಿದ್ದರೂ ಎಂಜಿನು ಮುನಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಮಾರ್ಗದ ಮೂರು ಪ್ರದೇಶಗಳು

ಕಾರಿನ ಹಿಂಭಾಗದ ಟ್ಯಾಂಕಿನಿಂದ ಡೀಸೆಲನ್ನು ಎಳೆದು ತರುವುದು ಎಂಜಿನಿನ ಪಕ್ಕದಲ್ಲಿರುವ ಫೀಡ್ ಪಂಪು. ಅದು ಎಣ್ಣೆಯನ್ನು ಫಿಲ್ಟರಿನ ಮೂಲಕ ಇಂಜೆಕ್ಷನ್ ಪಂಪಿಗೆ ತಳ್ಳುತ್ತದೆ. ಇಂಜೆಕ್ಷನ್ ಪಂಪು ಗಟ್ಟಿಯಾದ ಉಕ್ಕಿನ ಸಣ್ಣ ಕೊಳವೆಗಳ ಮೂಲಕ ಒಂದೊಂದು ಸಿಲಿಂಡರಿನ ನಾಜಲಿಗೂ ಸರದಿಯಂತೆ ಹನಿಯನ್ನು ಕಳಿಸುತ್ತದೆ. ಮಿಕ್ಕ ಡೀಸೆಲ್ ಮರಳುಕೊಳವೆಯ ಮೂಲಕ ಹಿಂದಕ್ಕೆ ಹೋಗುತ್ತದೆ.

ಈ ಮಾರ್ಗವನ್ನು ಭಾಗಗಳ ಹೆಸರಿನಿಂದ ಅಲ್ಲ, ಒತ್ತಡದಿಂದ ವಿಂಗಡಿಸಿಕೊಳ್ಳುವುದು ಲೇಸು. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಒತ್ತಡವು ವಾಯುಭಾರಕ್ಕಿಂತ ಕಡಿಮೆ. ಇದು ಸೆಳೆತದ ಪ್ರದೇಶ. ಫೀಡ್ ಪಂಪಿನಿಂದ ಇಂಜೆಕ್ಷನ್ ಪಂಪಿನವರೆಗೆ ವಾಯುಭಾರಕ್ಕಿಂತ ಸ್ವಲ್ಪ ಹೆಚ್ಚು; ಇದು ಮಂದ ಒತ್ತಡದ ಪ್ರದೇಶ. ಇಂಜೆಕ್ಷನ್ ಪಂಪಿನಿಂದ ನಾಜಲಿನವರೆಗೆ ನೂರಾರು ಪಟ್ಟು ಹೆಚ್ಚು. ಇದು ತೀವ್ರ ಒತ್ತಡದ ಪ್ರದೇಶ.

ಈ ವಿಂಗಡಣೆಯಿಂದ ಒಂದು ಮುಖ್ಯವಾದ ಅಂಶ ಹೊಳೆಯುತ್ತದೆ. ಮಂದ ಒತ್ತಡದ ಮತ್ತು ತೀವ್ರ ಒತ್ತಡದ ಪ್ರದೇಶಗಳಲ್ಲಿ ಕೀಲು ಸಡಿಲವಾದರೆ ಡೀಸೆಲ್ ಹೊರಕ್ಕೆ ಸೋರುತ್ತದೆ. ಕಣ್ಣಿಗೆ ಕಾಣುತ್ತದೆ, ಮೂಗಿಗೆ ನಾರುತ್ತದೆ. ಸೆಳೆತದ ಪ್ರದೇಶದಲ್ಲಾದರೋ ಎಂಜಿನು ಓಡುತ್ತಿರುವಾಗ ಡೀಸೆಲ್ ಹೊರಕ್ಕೆ ಬರುವುದಿಲ್ಲ; ಹೊರಗಿನ ಗಾಳಿ ಒಳಕ್ಕೆ ಹೋಗುತ್ತದೆ! ಕೀಲು ಒಣಗಿದ್ದರೂ ದೋಷಯುಕ್ತವಾಗಿರಬಹುದು. “ಎಲ್ಲಿಯೂ ಸೋರುತ್ತಿಲ್ಲ, ಆದುದರಿಂದ ಕೊಳವೆಗಳು ಸರಿಯಾಗಿವೆ” ಎಂಬ ವಾದವು ಇಲ್ಲಿ ಮುಗ್ಗರಿಸುತ್ತದೆ.

ಗಾಳಿ ಸೇರಿದರೆ ಆಗುವುದೇನು?

ದ್ರವಗಳನ್ನು ಅದುಮುವುದು ಬಹು ಕಷ್ಟ. 130 ವಾಯುಭಾರಗಳಷ್ಟು ಒತ್ತಿದರೂ ಡೀಸೆಲಿನ ಗಾತ್ರ ಶೇಕಡಾ ಒಂದರಷ್ಟೂ ಕುಗ್ಗದು. ಗಾಳಿಯ ಗುಣ ಇದಕ್ಕೆ ವಿರುದ್ಧ. ಇಂಜೆಕ್ಷನ್ ಪಂಪಿನ ಒಳಕೋಣೆಯಲ್ಲಿ 20 ಘನ ಮಿಲಿಮೀಟರಿನ ಒಂದು ಗುಳ್ಳೆ ಸಿಕ್ಕಿಕೊಂಡಿದೆಯೆನ್ನೋಣ. ಪಂಪಿನ ಹೊಡೆತ 11 ಘನ ಮಿಲಿಮೀಟರಿನದು. ಹೊಡೆತದ ಕೊನೆಯಲ್ಲಿ ಗುಳ್ಳೆಯ ಗಾತ್ರ 9ಕ್ಕೆ ಇಳಿಯುತ್ತದೆ. ಉಷ್ಣತೆ ಬದಲಾಗದೆಂದು ಭಾವಿಸಿ ಬಾಯ್ಲನ ನಿಯಮವನ್ನು ಹಚ್ಚಿದರೆ ಒತ್ತಡವು 20ನ್ನು 9ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 2.2 ವಾಯುಭಾರ. ನಾಜಲ್ ತೆರೆಯುವುದಕ್ಕೆ ನೂರಕ್ಕಿಂತ ಹೆಚ್ಚು ಬೇಕು. ಸಿಕ್ಕಿದ್ದು ಎರಡು ಚಿಲ್ಲರೆ! ಹೊಡೆತ ಮುಗಿದೊಡನೆ ಗುಳ್ಳೆ ಹಿಗ್ಗಿ ತನ್ನ ಸ್ಥಳವನ್ನು ಮತ್ತೆ ಆಕ್ರಮಿಸುತ್ತದೆ; ಹೊಸ ಡೀಸೆಲಿಗೆ ಎಡೆಯೇ ಇಲ್ಲ. ಎಂಜಿನು ಎಷ್ಟು ತಿರುಗಿದರೂ ಗುಳ್ಳೆ ಕುಗ್ಗುತ್ತದೆ, ಹಿಗ್ಗುತ್ತದೆ, ಅಷ್ಟೆ. ಗ್ಯಾರೇಜಿನ ಮೇಸ್ತ್ರಿಗಳು “ಏರ್ ಹಿಡಿದಿದೆ” ಎನ್ನುವುದು ಇದನ್ನೇ. ಬಾಯ್ಲನ ಹೆಸರು ಕೇಳದಿದ್ದರೂ ಅವರು ಅವನ ನಿಯಮವನ್ನು ಕೈಯಿಂದ ಬಲ್ಲರು.

ಈ ಗಾಳಿಯನ್ನು ಹೊರಡಿಸುವ ಕ್ರಮ ಸುಲಭ. ಫಿಲ್ಟರಿನ ತಲೆಯ ಮೇಲಿನ ಬ್ಲೀಡಿಂಗ್ ಸ್ಕ್ರೂವನ್ನು ಸಡಿಲಿಸಿ, ಫೀಡ್ ಪಂಪಿನ ಕೈಸನ್ನೆಯನ್ನು ಒತ್ತುತ್ತ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಆಗ ಸ್ಕ್ರೂವನ್ನು ಬಿಗಿದು, ಇದೇ ಕ್ರಮವನ್ನು ಇಂಜೆಕ್ಷನ್ ಪಂಪಿನ ಸ್ಕ್ರೂಗಳಲ್ಲಿ ಅನುಸರಿಸಬೇಕು. ಆದರೆ ನೆನಪಿಡಿ: ಗಾಳಿಯನ್ನು ಹೊರಡಿಸುವುದು ಚಿಕಿತ್ಸೆಯೇ ಹೊರತು ನಿದಾನವಲ್ಲ. ಗಾಳಿ ನಾಳೆ ಮತ್ತೆ ಬಂದರೆ, ಅದು ಬಂದ ಬಾಗಿಲನ್ನು ಹುಡುಕಲೇಬೇಕು.

ಮೊದಲು ನೋಟ, ಆಮೇಲೆ ಪಾನೆ

ವೈದ್ಯನು ಶಸ್ತ್ರವನ್ನು ಹಿಡಿಯುವ ಮೊದಲು ರೋಗಿಯನ್ನು ವಿಚಾರಿಸುತ್ತಾನೆ. ಅದೇ ರೀತಿ ಪಾನೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ.

ಮೊದಲನೆಯದು: ಸೆಲ್ಫ್ ತಿರುಗಿಸುವಾಗ ಹಿಂದಿನ ಕೊಳವೆಯಲ್ಲಿ ಹೊಗೆ ಬರುತ್ತದೆಯೇ? ಹೊಗೆಯ ಸುಳಿವೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರನ್ನು ಮುಟ್ಟಿಲ್ಲ, ಇಂಧನಮಾರ್ಗವನ್ನು ಶೋಧಿಸಬೇಕು. ಬೆಳ್ಳನೆಯ ಹೊಗೆ ಬಂದರೆ ಡೀಸೆಲ್ ತಲಪಿದೆ, ಆದರೆ ಹೊತ್ತಿಕೊಂಡಿಲ್ಲ; ಹೀಟರ್ ಪ್ಲಗ್ಗು, ಸಿಲಿಂಡರಿನ ಅದುಮುವ ಶಕ್ತಿ, ಪಂಪಿನ ಕಾಲಮಾನ ಇವುಗಳ ಮೇಲೆ ಸಂಶಯ ಹೋಗಬೇಕು. ಓಡುವಾಗ ಕಪ್ಪು ಹೊಗೆ ಕಂಡರೆ ಗಾಳಿಗೆ ಹೋಲಿಸಿದಾಗ ಡೀಸೆಲ್ ಅತಿಯಾಗಿದೆ, ಇಲ್ಲವೆ ನಾಜಲ್ ತುಂತುರಿನ ಬದಲು ಹನಿಯುದುರಿಸುತ್ತಿದೆ. ಹಣದ ಖರ್ಚಿಲ್ಲದ ಈ ಒಂದು ನೋಟವೇ ಅರ್ಧದಷ್ಟು ಸಂಶಯಗಳನ್ನು ದೂರಮಾಡುತ್ತದೆ.

ಎರಡನೆಯದು: ತೊಂದರೆ ಯಾವಾಗ? ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ ಮಾತ್ರ ಹಟ ಹಿಡಿದರೆ, ಯಾವುದೋ ಸಂದಿಯಿಂದ ಗಾಳಿ ನುಸುಳಿ, ಕೊಳವೆಯಲ್ಲಿದ್ದ ಡೀಸೆಲ್ ತಗ್ಗಿನಲ್ಲಿರುವ ಟ್ಯಾಂಕಿಗೆ ಜಾರಿರಬಹುದು. ಚೆನ್ನಾಗಿ ಹೊರಟು, ಹಲವು ಕಿಲೋಮೀಟರು ಓಡಿದ ಮೇಲೆ ಸೊರಗಿ ನಿಂತು, ಸ್ವಲ್ಪ ಹೊತ್ತಿನ ವಿಶ್ರಾಂತಿಯಿಂದ ಮತ್ತೆ ಹೊರಟರೆ, ಮಾರ್ಗವು ಎಲ್ಲಿಯೋ ಕಟ್ಟಿದೆ. ಕಾದ ಎಂಜಿನು ಮಾತ್ರ ಮತ್ತೆ ಹೊರಡದಿದ್ದರೆ ಕಾರಣವೇ ಬೇರೆ. ಅದನ್ನು ಮುಂದೆ ವಿವರಿಸುತ್ತೇನೆ.

ಮೂರನೆಯದು: ಎಂಜಿನನ್ನು ನಿಲ್ಲಿಸುವ ಏರ್ಪಾಡು ಸರಿಯಾಗಿದೆಯೇ? ಡೀಸೆಲ್ ಎಂಜಿನನ್ನು ಆರಿಸುವುದೆಂದರೆ ಅದರ ಇಂಧನವನ್ನು ತಡೆಯುವುದು. ಕೆಲವು ಗಾಡಿಗಳಲ್ಲಿ ಎಳೆಯುವ ತಂತಿ, ಕೆಲವುಗಳಲ್ಲಿ ವಿದ್ಯುತ್ ಕವಾಟ ಈ ಕೆಲಸ ಮಾಡುತ್ತದೆ. ಆ ತಂತಿ ಹಿಂದಕ್ಕೆ ಮರಳದೆ ಸಿಕ್ಕಿಕೊಂಡಿದ್ದರೆ, ಅಥವಾ ಕವಾಟಕ್ಕೆ ವಿದ್ಯುತ್ತು ಮುಟ್ಟದಿದ್ದರೆ, ಎಂಜಿನು ಆಜ್ಞೆಯನ್ನು ಪಾಲಿಸುತ್ತ ಸುಮ್ಮನಿದೆ, ಅಷ್ಟೆ!

ಟ್ಯಾಂಕಿನ ಮುಚ್ಚಳದ ಚಿಕ್ಕ ರಂಧ್ರ

ಟ್ಯಾಂಕಿನಿಂದ ಡೀಸೆಲ್ ಹೊರಹೋದಂತೆಲ್ಲ ಅದರ ಸ್ಥಾನಕ್ಕೆ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಾಗಲಿ ಬೇರೆಡೆಯಾಗಲಿ ಒಂದು ಸಣ್ಣ ಉಸಿರುದ್ವಾರ ಇರುತ್ತದೆ. ನಮ್ಮ ಕಡೆಯ ಧೂಳು ಅದನ್ನು ಮುಚ್ಚಿತೆನ್ನಿ. ಟ್ಯಾಂಕಿನಲ್ಲಿ 20 ಲೀಟರು ಗಾಳಿಯಿದೆ. ಕಾರು 30 ಕಿಲೋಮೀಟರು ಓಡಿ 2 ಲೀಟರು ಡೀಸೆಲನ್ನು ಕುಡಿಯಿತು. 20 ಲೀಟರು ಗಾಳಿ ಈಗ 22 ಲೀಟರಿನ ಸ್ಥಳವನ್ನು ತುಂಬಬೇಕು. ಒತ್ತಡವು ಶೇಕಡಾ 9ರಷ್ಟು ಇಳಿಯಿತು. ಡೀಸೆಲಿನ ಸಾಂದ್ರತೆ ನೀರಿನ 0.83ರಷ್ಟು ಎಂದು ಹಿಡಿದರೆ, ಈ ಇಳಿತವು ಡೀಸೆಲನ್ನು 1 ಮೀಟರಿಗೂ ಹೆಚ್ಚು ಆಳದಿಂದ ಎತ್ತುವುದಕ್ಕೆ ಸಮ. ಹಳೆಯ ಫೀಡ್ ಪಂಪಿಗೆ ಅದು ಮೀರಿದ ಹೊರೆ. ಹೀಗಾಗಿ ಶಕ್ತಿನಗರದಿಂದ ರಾಯಚೂರಿಗೆ ಸುಖವಾಗಿ ಹೋದ ಕಾರು ಮರಳುವ ದಾರಿಯಲ್ಲಿ ನಿಲ್ಲಬಹುದು. ಪರೀಕ್ಷೆ ಸುಲಭ: ನಿಂತಕೂಡಲೇ ಮುಚ್ಚಳವನ್ನು ತೆರೆಯಿರಿ. “ಸುಯ್” ಎಂದು ಗಾಳಿ ಒಳನುಗ್ಗಿ, ಎಂಜಿನು ಮತ್ತೆ ಹೊರಟರೆ ರೋಗ ಸಿಕ್ಕಿತು. ಔಷಧ ಒಂದು ಗುಂಡುಸೂಜಿ.

ಮಾರ್ಗವನ್ನು ನಡುವೆ ಕಡಿಯುವ ಪ್ರಯೋಗ

ಉದ್ದವಾದ ಮಾರ್ಗದಲ್ಲಿ ದೋಷವನ್ನು ಹುಡುಕಲು ಒಂದು ತುದಿಯಿಂದ ಹೊರಟು ಒಂದೊಂದನ್ನೂ ಬದಲಿಸುತ್ತ ಹೋಗುವುದು ಜಾಣತನವಲ್ಲ. ನಡುವೆ ಕಡಿದು, ದೋಷ ಯಾವ ಅರ್ಧದಲ್ಲಿದೆಯೆಂದು ನಿರ್ಣಯಿಸುವುದು ಉತ್ತಮ.

ಚೊಕ್ಕಟವಾದ ಡಬ್ಬಿಯಲ್ಲಿ ಸೋಸಿದ ಡೀಸೆಲನ್ನು ತುಂಬಿ, ಎಂಜಿನಿಗಿಂತ ಅರ್ಧ ಮೀಟರು ಎತ್ತರದಲ್ಲಿ ಭದ್ರವಾಗಿಡಿ. ಬ್ಯಾಟರಿ ಮತ್ತು ಕಾದ ಹೊಗೆಕೊಳವೆಗಳಿಂದ ಅದು ದೂರವಿರಲಿ. ಅದರಿಂದ ಒಂದು ಹೋಸ್ ಪೈಪನ್ನು ನೇರವಾಗಿ ಫಿಲ್ಟರಿಗೆ ಜೋಡಿಸಿ, ಗಾಳಿಯನ್ನು ಹೊರಡಿಸಿ, ಎಂಜಿನನ್ನು ನಡೆಸಿ. ನಿಧಾನಗತಿಯಲ್ಲಿ ಓಡುವಷ್ಟು ಡೀಸೆಲನ್ನು ಗುರುತ್ವವೇ ಒದಗಿಸುತ್ತದೆ. ಈ ಏರ್ಪಾಡಿನಲ್ಲಿ ಸೆಳೆತದ ಪ್ರದೇಶವೇ ಇಲ್ಲ. ಆದುದರಿಂದ ಗಾಳಿ ಸೇರುವ ಸಂಭವವೂ ಇಲ್ಲ. ಎಂಜಿನು ಈಗ ಸರಿಯಾಗಿ ಓಡಿದರೆ ದೋಷವು ಟ್ಯಾಂಕು, ಹಿಂದಿನ ಕೊಳವೆ, ಫೀಡ್ ಪಂಪು ಇವುಗಳಲ್ಲೊಂದರಲ್ಲಿದೆ. ಇಂಜೆಕ್ಷನ್ ಪಂಪು ನಿರ್ದೋಷಿ. ಹಾಗೂ ಓಡದಿದ್ದರೆ ಫಿಲ್ಟರು ಮತ್ತು ಅದರ ಮುಂದಿನ ಭಾಗಗಳನ್ನು ವಿಚಾರಿಸಬೇಕು.

ಹಿಂದಿನ ಅರ್ಧದಲ್ಲಿ ದೋಷವಿದೆಯೆಂದು ಗೊತ್ತಾದಾಗ, ಕೊಳವೆಯ ನಡುವೆ ಒಂದು ಗೇಣು ಪಾರದರ್ಶಕ ಪೈಪನ್ನು ಸೇರಿಸಿ ಗುಳ್ಳೆಗಳು ಹರಿದುಬರುತ್ತಿವೆಯೇ ನೋಡಿ. ಗುಳ್ಳೆ ಕಂಡರೆ ಒಂದೊಂದು ಕೀಲಿನ ಸುತ್ತಲೂ ದಪ್ಪವಾಗಿ ಗ್ರೀಸು ಬಳಿಯಿರಿ. ಯಾವ ಕೀಲಿಗೆ ಬಳಿದಾಗ ಗುಳ್ಳೆ ನಿಲ್ಲುತ್ತದೋ ಅದೇ ಕಳ್ಳಬಾಗಿಲು. ಗುಳ್ಳೆಯೂ ಇಲ್ಲ, ಹರಿವೂ ಇಲ್ಲವೆಂದರೆ ಕೊಳವೆ ಕಟ್ಟಿದೆ, ಇಲ್ಲವೆ ಫೀಡ್ ಪಂಪಿನ ಪದರ ಹರಿದಿದೆ. ಪದರ ಹರಿದಾಗ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯಬಹುದು. ಆಯಿಲಿನ ಮಟ್ಟ ತಾನಾಗಿಯೇ ಏರಿದ್ದರೆ, ಡೀಸೆಲಿನ ವಾಸನೆ ಬಂದರೆ, ಎಂಜಿನನ್ನು ಓಡಿಸದೆ ಮೊದಲು ಅದನ್ನು ಸರಿಪಡಿಸಬೇಕು. ತೆಳುವಾದ ಆಯಿಲು ಬೇರಿಂಗುಗಳನ್ನು ಕಾಪಾಡಲಾರದು.

ಮುಂದಿನ ಅರ್ಧದಲ್ಲಿ ಮೊದಲು ಫಿಲ್ಟರು. ಅದರ ತಳದ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ; ನೀರು ಡೀಸೆಲಿಗಿಂತ ಭಾರವಾದ ಕಾರಣ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ.

ರಾಯಚೂರಿನ ಬಿಸಿಲು ಮತ್ತು ಸವೆದ ಪಂಪು

ಇಷ್ಟೆಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮೇಲೆಯೇ ಇಂಜೆಕ್ಷನ್ ಪಂಪಿನ ಮೇಲೆ ಅಪವಾದ ಹೊರಿಸಬೇಕು. ಅದರ ಅಪರಾಧವನ್ನು ಸಾಬೀತುಪಡಿಸುವುದಕ್ಕೂ ಒಂದು ಸೊಗಸಾದ ಪ್ರಯೋಗವಿದೆ.

ಪಂಪಿನೊಳಗೆ ಚಲಿಸುವ ಭಾಗಕ್ಕೂ ಅದರ ಗೂಡಿಗೂ ನಡುವಣ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಪಾಲು. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಕಿರಿದು. ವರ್ಷಗಳು ಕಳೆದಂತೆ ಅದು ಸವೆದು ಅಗಲವಾಗುತ್ತದೆ. ಇಂಥ ಸಂದಿನಲ್ಲಿ ನುಸುಳುವ ದ್ರವದ ಪ್ರಮಾಣ ಸಂದಿನ ಅಗಲದ ಘನಕ್ಕೆ ಅನುಪಾತದಲ್ಲಿಯೂ, ದ್ರವದ ಸ್ನಿಗ್ಧತೆಗೆ ವಿಲೋಮಾನುಪಾತದಲ್ಲಿಯೂ ಇರುತ್ತದೆ. ಸಂದು ಇಮ್ಮಡಿಯಾದರೆ ಸೋರಿಕೆ ಎಂಟು ಮಡಿ. ಡೀಸೆಲ್ 40 ಡಿಗ್ರಿಯಿಂದ 80 ಡಿಗ್ರಿ ಸೆಂಟಿಗ್ರೇಡಿಗೆ ಕಾದರೆ ಅದರ ಸ್ನಿಗ್ಧತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸೋರಿಕೆ ಮತ್ತೆ ಇಮ್ಮಡಿಸಿ ಹದಿನಾರು ಮಡಿ! ಎಂಜಿನು ಓಡುತ್ತಿರುವಾಗ ಪ್ರತಿ ಹೊಡೆತವೂ ಕ್ಷಣಮಾತ್ರದಲ್ಲಿ ಮುಗಿಯುವುದರಿಂದ ಸೋರಲು ಸಮಯ ಸಾಲದು. ಸೆಲ್ಫಿನಿಂದ ನಿಧಾನವಾಗಿ ತಿರುಗುವಾಗಲಾದರೋ ಹನಿಯ ಬಹುಭಾಗ ಸಂದಿಯಲ್ಲೇ ಜಾರಿಹೋಗಿ ನಾಜಲ್ ತೆರೆಯುವಷ್ಟು ಒತ್ತಡ ಏಳುವುದಿಲ್ಲ.

ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವ ರಾಯಚೂರು ಸೀಮೆಯಲ್ಲಿ, ಬೆಳಗ್ಗೆ ಸಲೀಸಾಗಿ ಹೊರಟ ಕಾರು ಮಧ್ಯಾಹ್ನ ಅರ್ಧ ಗಂಟೆ ನಿಂತು ಮತ್ತೆ ಹೊರಡದಿರುವುದಕ್ಕೆ ಇದು ಒಂದು ಮುಖ್ಯ ಕಾರಣ. ಆಗ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಪಂಪಿನ ಮೇಲೆ ಹತ್ತು ನಿಮಿಷ ಹೊದಿಸಿಡಿ. ಡೀಸೆಲ್ ತಣಿದು ಸ್ನಿಗ್ಧತೆ ಏರಿ, ಎಂಜಿನು ಹೊರಟರೆ, ಪಂಪು ಸವೆದಿರುವುದಕ್ಕೆ ಬಲವಾದ ಸಾಕ್ಷ್ಯ ದೊರೆತಂತಾಯಿತು. ಕಾದ ಪಂಪಿನ ಮೇಲೆ ಕೊಡಗಟ್ಟಲೆ ನೀರು ಸುರಿಯಬಾರದು. ಭಾಗಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಒಂದಕ್ಕೊಂದು ಕಚ್ಚಿಕೊಳ್ಳಬಹುದು. ಹೀಗೆ ಸವೆದ ಪಂಪನ್ನು ರಸ್ತೆಯ ಬದಿಯಲ್ಲಿ ಬಿಚ್ಚದೆ, ಅಳತೆಯ ಯಂತ್ರವಿರುವ ಪಂಪಿನ ಅಂಗಡಿಗೇ ಒಪ್ಪಿಸಬೇಕು.

ಒಂದು ಎಚ್ಚರಿಕೆ

ಯಾವ ಸಿಲಿಂಡರು ಕೆಲಸಮಾಡುತ್ತಿಲ್ಲವೆಂದು ತಿಳಿಯಲು, ಓಡುವ ಹಳೆಯ ಎಂಜಿನಿನಲ್ಲಿ ಒಂದೊಂದು ನಾಜಲಿನ ನಟ್ಟನ್ನು ಸಡಿಲಿಸಿ ಸದ್ದನ್ನು ಆಲಿಸುವುದು ಅನುಭವಿ ಮೇಸ್ತ್ರಿಗಳ ವಾಡಿಕೆ. ಸದ್ದು ಬದಲಾಗದಿದ್ದರೆ ಆ ಸಿಲಿಂಡರು ಮೊದಲೇ ಮಲಗಿದೆ. ವಿದ್ಯಾರ್ಥಿಗಳು ಇದನ್ನು ನೋಡಿ ಕಲಿಯಲಿ, ತಾವೇ ಮಾಡದಿರಲಿ. ನೂರು ವಾಯುಭಾರಗಳ ಒತ್ತಡದ ಡೀಸೆಲ್ ಎಳೆಯು ಚರ್ಮವನ್ನು ಸೂಜಿಯಂತೆ ಭೇದಿಸುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ. ಒಳಗೆ ಮಾಂಸ ನಾಶವಾಗಿ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಅಪಾಯವಿದೆ. ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳಬೇಕು. ಈಚಿನ ಕಾಮನ್ ರೈಲ್ ಎಂಜಿನುಗಳಲ್ಲಿ ಒತ್ತಡವು ಸಾವಿರ ವಾಯುಭಾರಗಳನ್ನೂ ಮೀರುವುದರಿಂದ, ಅವು ಓಡುವಾಗ ಯಾವ ನಟ್ಟನ್ನೂ ಯಾರೂ ಸಡಿಲಿಸಲೇಕೂಡದು.

ಉಪಸಂಹಾರ

ಮೇಲಿನ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ಕ್ರಮ ಕಾಣುತ್ತದೆ. ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಪ್ರಯೋಗದ ಮುಂಚೆಯೇ “ಹೀಗಾದರೆ ಇದು, ಹಾಗಾದರೆ ಅದು” ಎಂಬ ನಿಶ್ಚಯ. ಎರಡು ಭಾಗಗಳನ್ನು ಒಟ್ಟಿಗೆ ಬದಲಿಸಿದಾಗ ಎಂಜಿನು ಹೊರಟರೆ ಗಾಡಿ ಗುಣವಾಯಿತೇ ಹೊರತು ಜ್ಞಾನ ಬೆಳೆಯಲಿಲ್ಲ. ಮುಂದಿನ ಸಲ ಮತ್ತೆ ಕತ್ತಲೆಯಲ್ಲಿಯೇ ತಡಕಾಡಬೇಕು. ಪ್ರಯೋಗಶಾಲೆಯ ಮೇಜಿನ ಮೇಲೆ ನೀವು ಅಭ್ಯಾಸ ಮಾಡುವ ಶಿಸ್ತು ಇದಕ್ಕಿಂತ ಬೇರೆಯಲ್ಲ.

ಅಭ್ಯಾಸಕ್ಕೆ ಮೂರು ಪ್ರಶ್ನೆಗಳು

1. ಪಂಪಿನಲ್ಲಿ ಸಿಕ್ಕಿದ ಗುಳ್ಳೆ 20ರ ಬದಲು 5 ಘನ ಮಿಲಿಮೀಟರಿನದಾಗಿದ್ದರೆ, 11 ಘನ ಮಿಲಿಮೀಟರಿನ ಹೊಡೆತದಲ್ಲಿ ನಾಜಲ್ ತೆರೆಯುವುದೇ? ತೆರೆದರೆ ಸುಮಾರು ಎಷ್ಟು ಡೀಸೆಲ್ ಸಿಲಿಂಡರನ್ನು ಸೇರೀತು? ಎಂಜಿನಿನ ನಡೆ ಹೇಗಿದ್ದೀತು?

2. ಉಸಿರುದ್ವಾರ ಮುಚ್ಚಿದ ಎರಡು ಟ್ಯಾಂಕುಗಳಲ್ಲಿ ಒಂದು ಬಹುಪಾಲು ತುಂಬಿದೆ, ಇನ್ನೊಂದು ಬಹುಪಾಲು ಬರಿದಾಗಿದೆ. ಯಾವ ಕಾರು ಬೇಗ ನಿಲ್ಲುತ್ತದೆ? ಏಕೆ?

3. ಪಂಪಿನ ಸಂದು ಒಂದೂವರೆ ಪಟ್ಟು ಅಗಲವಾದರೆ, ಉಷ್ಣತೆ ಬದಲಾಗದಿರುವಾಗ, ಸೋರಿಕೆ ಎಷ್ಟು ಪಟ್ಟು ಹೆಚ್ಚುತ್ತದೆ?